ಬಾವುಟದ ಮೇಲಿನ ಗಿರಣಿಚಕ್ರ

ಸೋಮವಾರ, ೧೪ ಸೆಪ್ಟೆಂಬರ್ ೧೯೯೨

ಮಧ್ಯಾಹ್ನ ಎಕಾರ್ಟ್ ಬಂದಿದ್ದ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವನು ಈಗ ನಮ್ಮ ಎರ್ಲೆನ್‌ಗ್ರುಂಡಿನ ಮೇಯರ್. ಉಗುರಿನ ಸಂದಿಯ ಎಣ್ಣೆ ಕಲೆ ಮಾತ್ರ ಇನ್ನೂ ಹೋಗಿಲ್ಲ. ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಪ್ಲಮ್ ಹಣ್ಣಿನ ಕೇಕು ಎರಡು ತುಂಡು ತಿಂದು ಮುಗಿಸಿದ ಮೇಲೆ ವಿಷಯಕ್ಕೆ ಬಂದ.

"ಗೆರ್ಲಿಂಡತ್ತೆ, ನಮ್ಮೂರಿಗೊಂದು ಲಾಂಛನ ಬೇಕು. ಅದನ್ನಿಟ್ಟು ಒಂದು ಬಾವುಟ ಮಾಡ್ಬೇಕು. ಪಕ್ಕದೂರಿನವ್ರು ಮೊನ್ನೆ ಕರಡಿ ಇರೋ ಬಾವುಟ ಹಾರ್ಸಿದ್ರು. ಅವ್ರ ಕಾಡಲ್ಲಿ ಮೊಲಕ್ಕೂ ಗತಿಯಿಲ್ಲ, ಕರಡಿಯಂತೆ!"

"ಅದಕ್ಕೆ ನಾನೇನ್ ಮಾಡ್ಲಿ?"

"ನೀವಲ್ದೆ ಇನ್ಯಾರು ಮಾಡ್ತಾರೆ? ಮೂವತ್ತೊಂಬತ್ತು ವರ್ಷ ಊರ ಕಚೇರೀಲಿ ಗುಮಾಸ್ತೆ ಆಗಿದ್ರಿ. ಹಳೇ ಕಾಗದ ಎಲ್ಲೆಲ್ಲಿದೆ ಅಂತ ನಿಮಗೇ ಗೊತ್ತು. ಚಿತ್ರಾನೂ ಬರೀತೀರಿ."

ಒಪ್ಪಿಕೊಂಡೆ. ನಿವೃತ್ತಿಯಾಗಿ ಎರಡು ವರ್ಷ, ಗಂಡ ತೀರಿಕೊಂಡು ಐದು. ನನ್ನನ್ನು ಯಾರೂ ಯಾವುದಕ್ಕೂ ಕೇಳದೆ ಬಹಳ ದಿನವಾಗಿತ್ತು. ಅವನು ನಿಯಮಗಳ ಪುಸ್ತಿಕೆಯೊಂದನ್ನು ಕೊಟ್ಟು ಹೋದ. ಬಣ್ಣದ ಮೇಲೆ ಬಣ್ಣ ಕೂರಿಸಬಾರದು. ಚಿನ್ನ ಅಥವಾ ಬೆಳ್ಳಿ ಕೂರಿಸಬೇಕು. ಬೆಳ್ಳಿ ಎಂದರೆ ಬಟ್ಟೆಯ ಮೇಲೆ ಬಿಳಿ. ಎಡಬಲ ಹೇಳುವುದು ನೋಡುವವರ ಕಡೆಯಿಂದಲ್ಲ, ಗುರಾಣಿಯನ್ನು ಹಿಡಿದವನ ಕಡೆಯಿಂದ. ಅಕ್ಷರ ಇರಕೂಡದು. ದೂರದಿಂದ ನೋಡಿದರೆ ಗುರುತು ಸಿಗಬೇಕು.

ಸಂಜೆಯೊಳಗೆ ಒಂದು ಚಿತ್ರ ಮಾಡಿದೆ: ಹಸಿರು ನೆಲ, ಬೆಳ್ಳಿಯ ಆಲ್ಡರ್ ಎಲೆ, ಕೆಳಗೆ ಚಿನ್ನದ ಎರಡು ಗೋಧಿ ತೆನೆ. ತೊರೆಯ ದಂಡೆಯುದ್ದಕ್ಕೂ ಇರುವ ಆಲ್ಡರ್, ಅಂದರೆ ನಮ್ಮ ಮಾತಿನಲ್ಲಿ ಎರ್ಲೆ, ಮರಗಳಿಂದಲೇ ಊರಿಗೆ ಈ ಹೆಸರು. ಕೆಲಸ ಮುಗಿಯುವ ತನಕ ದಿನಚರಿ ಬರೆಯೋಣವೆಂದು ಈ ನೋಟ್‌ಬುಕ್ಕನ್ನು ತೆಗೆದೆ.

ಗುರುವಾರ, ೨೪ ಸೆಪ್ಟೆಂಬರ್

ರಾಜಧಾನಿಯ ಹಳೆಯ ದಾಖಲೆಗಳ ದಫ್ತರದಿಂದ ಪತ್ರ; ಲಾಂಛನಕ್ಕೆ ಒಪ್ಪಿಗೆ ಕೊಡಬೇಕಾದವರೂ ಅವರೇ. ನಮ್ಮೂರಿನ ಹಳೆಯ ಮುದ್ರೆಯೊಂದು ಅವರಲ್ಲಿದೆ, ೧೭೪೨ರದ್ದು. ಅದರ ನಕಲು ಕಳಿಸಿದ್ದಾರೆ. ಮುದ್ರೆಯಲ್ಲಿರುವುದು ಒಂದೇ ಒಂದು ಗುರುತು, ಗಿರಣಿಯ ನೀರುಚಕ್ರ. ಲಾಂಛನಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಬೇಕೆಂದು ಅವರ ಸಲಹೆ.

ಎಕಾರ್ಟ್ ಕುಣಿಯುವುದೊಂದು ಬಾಕಿ. "ಇನ್ನೂರೈವತ್ತು ವರ್ಷ! ಕರಡಿಯವ್ರು ಬಾಯ್ಮುಚ್ಕೋಬೇಕು."

ನಾನು ಹೇಳಿದೆ: ಚಕ್ರವಿರುವ ಲಾಂಛನ ಎಷ್ಟೋ ಊರುಗಳಿಗಿದೆ. ಅಲ್ಲದೆ ನಮ್ಮಲ್ಲಿ ಈಗ ಗಿರಣಿಯೇ ಇಲ್ಲ. ಗಿರಣಿ ನಡೆಸುತ್ತಿದ್ದ ವೆಹ್ನರ್ ಮನೆಯವರು ಊರು ಬಿಟ್ಟು ಹೋದ ಮೇಲೆ ಅದು ನಿಂತುಹೋಯಿತು; ದೇಶವನ್ನು ಆಗ ಎರಡಾಗಿ ಸೀಳಿದ್ದ ಗಡಿಗೆ ತೀರಾ ಹತ್ತಿರವೆಂದು ಆಮೇಲೆ ಸೈನ್ಯದವರು ಕೆಡವಿದರು. ಇಲ್ಲದ ವಸ್ತುವನ್ನು ಬಾವುಟದ ಮೇಲೆ ಇಡುವುದು ಸರಿಯಲ್ಲ.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ, ೨ ಅಕ್ಟೋಬರ್

ನನ್ನ ಅಣ್ಣ ಕೂನೊ ಎಂದಿನಂತೆ ಶುಕ್ರವಾರದ ಮೀನಿನ ಊಟಕ್ಕೆ ಬಂದ. ಎಪ್ಪತ್ತು ತುಂಬಿದರೂ ಊರ ಸಭೆಯ ಕುರ್ಚಿ ಬಿಟ್ಟಿಲ್ಲ. ಚಕ್ರದ ವಿಷಯ ಅವನಿಗೆ ಆಗಲೇ ಗೊತ್ತಾಗಿತ್ತು.

"ನೀನು ಬೇಡ ಅನ್ನು, ಲಿಂಡೆ. ಎಲೆ ಸಾಕು. ಎಲೆಗೇನು, ಯಾರೂ ಏನೂ ಕೇಳಲ್ಲ."

"ದಫ್ತರದವ್ರು ಕೇಳ್ತಿದಾರಲ್ಲ."

"ದಫ್ತರದವ್ರಿಗೆ ಏನ್ ಗೊತ್ತು? ಅವತ್ತು ಗಿರಣಿ ಅಂಗಳದಲ್ಲಿ ನಿಂತಿದ್ದೋನು ನಾನು. ಅವ್ರ ಕಪಾಟು, ಮಂಚ ಎಲ್ಲಾ ಲಾರಿಗೆ ಹಾಕಿದ್ದು ಈ ಕೈ. ಹಾಕು ಅಂದ್ರು, ಹಾಕ್ದೆ. ಈಗ ಆ ಚಕ್ರ ನೋಡ್ಕೊಂಡು ದಿನಾ ಓಡಾಡ್ಬೇಕಾ?"

ನಿಜ, ಅವನದೇನು ತಪ್ಪಿದೆ? ಆ ಕಾಲ ಹಾಗಿತ್ತು. ಗಡಿಯಿಂದ ದೂರ ಕಳಿಸಬೇಕಾದವರ ಪಟ್ಟಿ ಮೇಲಿಂದ ಬಂದಿತ್ತು.

ಎಕಾರ್ಟ್ ನನ್ನನ್ನು ಕೇಳದೆಯೇ ವೆಹ್ನರರ ಮಗಳು ಡೊರೊಥೆಯಾಳಿಗೆ ಬರೆದುಬಿಟ್ಟಿದ್ದಾನೆ, ಗಿರಣಿಯ ಹಳೆಯ ಫೋಟೊ ಇದ್ದರೆ ಕಳಿಸಿ ಎಂದು.

ಶನಿವಾರ, ೧೭ ಅಕ್ಟೋಬರ್

ಡೊರೊಥೆಯಾ ಫೋಟೊ ಕಳಿಸಲಿಲ್ಲ. ತಾನೇ ತಂದಳು.

ಅವಳು ಹೊರಟಾಗ ಹದಿಮೂರು ವರ್ಷದವಳು, ಎರಡು ಜಡೆ. ಈಗ ಐವತ್ತಮೂರು, ಯೇನಾ ನಗರದ ಆಸ್ಪತ್ರೆಯಲ್ಲಿ ನರ್ಸ್. ಕೂದಲು ಗಂಡಸಿನಂತೆ ಗಿಡ್ಡ ಮಾಡಿಸಿದ್ದಾಳೆ. ನಾನು ಬಾಯಿತಪ್ಪಿ ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ "ಡೊರ್ಲೆ" ಎಂದೆ. ಅವಳು "ನಮಸ್ಕಾರ, ಫ್ರೌ ಆಪೆಲ್" ಎಂದಳು, ಅಪರಿಚಿತರು ಶ್ರೀಮತಿ ಎನ್ನುವಂತೆ, ಮನೆತನದ ಹೆಸರು ಹಿಡಿದು.

ಎಕಾರ್ಟ್ ನಮ್ಮಿಬ್ಬರನ್ನೂ ಗಿರಣಿಯಿದ್ದ ಜಾಗಕ್ಕೆ ಕರೆದೊಯ್ದ. ಗಡಿಯ ಬೇಲಿ ಕಿತ್ತು ಮೂರು ವರ್ಷವಾದರೂ ನಾನು ಆ ಕಡೆ ಹೋಗಿರಲಿಲ್ಲ. ತುರಿಕೆಗಿಡ ಸೊಂಟದುದ್ದ ಬೆಳೆದಿದೆ. ಅಡಿಪಾಯದ ನಾಲ್ಕಾರು ಕಲ್ಲು, ನೀರು ಹರಿಯುತ್ತಿದ್ದ ಕಾಲುವೆಯ ಗುರುತು, ಅಷ್ಟೇ. ಡೊರೊಥೆಯಾ ಕಾಲಿನಿಂದ ಗಿಡಗಳನ್ನು ತುಳಿದು ದಾರಿ ಮಾಡಿಕೊಂಡು ಹೋಗಿ ಒಂದು ಕಡೆ ನಿಂತಳು.

"ಇದು ಅಡುಗೆಮನೆ. ಬೆಳಗಿನ ಐದು ಗಂಟೆಗೆ ಬಂದ್ರು. ಅಮ್ಮ ಆಗಲೇ ಬ್ರೆಡ್ಡಿಗೆ ಹಿಟ್ಟು ನಾದಿಟ್ಟಿದ್ರು. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ ಅವ್ರಿಗೆ, ಮರದ ತೊಟ್ಟಿ ಸಮೇತ ಲಾರಿಗೆ ಹತ್ತಿಸಿಕೊಂಡ್ರು. ಆಮೇಲೆ ರೈಲು. ಜೂನ್ ತಿಂಗಳ ಬಿಸಿಲು. ಹಿಟ್ಟು ಉಬ್ಬಿ ಉಬ್ಬಿ ತೊಟ್ಟಿಯಿಂದ ಆಚೆ ಬಂತು. ಕಾವಲಿಗಿದ್ದ ಪೊಲೀಸ್ ಹುಡುಗ ನಕ್ಬಿಟ್ಟ. ಅಮ್ಮನೂ ನಕ್ರು. ಆ ವರ್ಷದಲ್ಲಿ ಅವ್ರು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ."

ಎಕಾರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಆಗ ಹುಟ್ಟಿರಲಿಲ್ಲ.

"ಫ್ರೌ ಆಪೆಲ್," ಎಂದಳು, "ನೀವು ಆಗ ಕಚೇರೀಲಿದ್ರಿ. ಮೂರು ಮನೆ ಕಳಿಸಿದ್ರಲ್ಲ, ನಮ್ಮ ಹೆಸರು ಕೊಟ್ಟಿದ್ಯಾರು? ಅಪ್ಪ ಸಾಯೋ ತನಕ ಕೇಳ್ತಾನೇ ಇದ್ರು."

"ಪಟ್ಟಿ ಮೇಲಿಂದ ಬಂತು," ಎಂದೆ.

"ಮೇಲಿನವ್ರಿಗೆ ನಮ್ಮ ಹೆಸರು ಹೇಗೆ ಗೊತ್ತಾಯ್ತು?"

"ಅದು ನಂಗೊತ್ತಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ, ನಾಡಿ ಹಿಡಿದು ಎಣಿಸುವಾಗ ನೋಡುವ ಹಾಗೆ. ಆಮೇಲೆ ಎಕಾರ್ಟನ ಕಡೆ ತಿರುಗಿದಳು.

"ಚಕ್ರ ಇಟ್ಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಆದ್ರೆ ಲಾಂಛನಕ್ಕೆ ಒಂದು ವಿವರಣೆ ಬರೀತಾರಂತಲ್ಲ? ಅದ್ರಲ್ಲಿ 'ಗಿರಣಿ ೧೯೫೨ರ ತನಕ ಇತ್ತು' ಅಂತ ಬರೀಬೇಡಿ. ಏನಾಯ್ತೋ ಅದನ್ನ ಬರೀರಿ."

ಭಾನುವಾರ, ೧೮ ಅಕ್ಟೋಬರ್

ಚರ್ಚಿಗೆ ಹೋಗಲಿಲ್ಲ. ತಲೆನೋವು.

ಗುರುವಾರ, ೫ ನವೆಂಬರ್

ಚಿತ್ರ ಮುಗಿದಿದೆ. ಹಸಿರು ನೆಲದ ಮೇಲೆ ಬೆಳ್ಳಿಯ ಚಕ್ರ, ಅದರ ಮೇಲ್ಗಡೆ ಬೆಳ್ಳಿಯದೇ ಆಲ್ಡರ್ ಎಲೆ, ಕೆಳಗೆ ತೊರೆಗಾಗಿ ಅಲೆಯಲೆಯಾದ ಬೆಳ್ಳಿಯ ಪಟ್ಟಿ. ಗೋಧಿ ತೆನೆ ತೆಗೆದೆ, ಜಾಗವಿರಲಿಲ್ಲ. ಡೊರೊಥೆಯಾಳ ಫೋಟೊ ಎದುರಿಗಿಟ್ಟುಕೊಂಡು ಕೈವಾರದಲ್ಲಿ ಚಕ್ರ ಎಳೆದೆ. ಹನ್ನೆರಡು ಹಲಗೆ. ಫೋಟೊದಲ್ಲಿ ಗಿರಣಿಯ ವೆಹ್ನರ್ ಹಿಟ್ಟು ಮೆತ್ತಿದ ಏಪ್ರನ್ ತೊಟ್ಟು ಚಕ್ರದ ಪಕ್ಕ ನಿಂತಿದ್ದಾನೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು.

ವಿವರಣೆ ಬರೆಯುವುದು ಚಿತ್ರಕ್ಕಿಂತ ಕಷ್ಟವಾಗಿದೆ. "ವೆಹ್ನರ್ ಕುಟುಂಬ ೧೯೫೨ರಲ್ಲಿ ಊರು ತೊರೆಯಿತು" ಎಂದು ಬರೆದು ಹೊಡೆದುಹಾಕಿದೆ. "ತೊರೆಯಬೇಕಾಯಿತು" ಎಂದು ಬರೆದೆ. ಅದೂ ನಿಲ್ಲಲಿಲ್ಲ. ಕಚೇರಿಯಲ್ಲಿದ್ದಾಗ ಇಂಥ ವಾಕ್ಯಗಳನ್ನು ಊಟಕ್ಕೆ ಮೊದಲು ಹತ್ತು ಬರೆದು ಮುಗಿಸುತ್ತಿದ್ದೆ.

ಭಾನುವಾರ, ೨೨ ನವೆಂಬರ್

ಇವತ್ತು ಸತ್ತವರ ಭಾನುವಾರ. ಗಂಡನ ಸಮಾಧಿಗೆ ಫರ್ ಮರದ ಕೊಂಬೆ ಹೊದಿಸಿ ಬಂದೆ. ಗಿರಣಿಯವರ ಹಿರಿಯರ ಸಮಾಧಿಗಳು ಗೋಡೆಯ ಪಕ್ಕದಲ್ಲಿವೆ. ಅವರನ್ನು ಕಳಿಸಿದ ಮೇಲೆ ಅಲ್ಲಿ ಕೊಂಬೆ ಇಡುವವರಿಲ್ಲ. ಉಳಿದಿದ್ದ ಎರಡನ್ನು ಅಲ್ಲಿಟ್ಟೆ. ಇಟ್ಟ ಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದೆ.

ಬರೆದುಬಿಡುತ್ತೇನೆ. ಈ ಪುಸ್ತಕವನ್ನು ಓದುವವರು ಯಾರೂ ಇಲ್ಲ.

೧೯೫೨ರ ಮೇ ಮೂವತ್ತೊಂದು, ಶನಿವಾರ. ಆಗಿನ ಮೇಯರ್ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಗಡಿಯ ಹತ್ತಿರ ಇರಬಾರದವರ ಹೆಸರುಗಳು. ಮೂರು ಮನೆ ಬೇಕೆಂದು ಮೇಲಿಂದ ಬಂದಿತ್ತು. ಮೇಲಿಂದ ಬಂದದ್ದು ಸಂಖ್ಯೆ. ಹೆಸರುಗಳಲ್ಲ. ಎರಡು ಹೆಸರು ಟೈಪಾಗಿತ್ತು. ಮೂರನೆಯದು ಅವರಿಗೆ ತೋಚುತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತು, "ಇನ್ನೊಬ್ರು ಯಾರಮ್ಮ, ಬೇಗ ಹೇಳು," ಎಂದರು.

ನಾನು ಹೇಳಿದೆ: "ಗಿರಣಿಗೆ ಗಡಿಯಾಚೆಯವ್ರೂ ಬೀಸಿಸೋಕೆ ಬರ್ತಾರಲ್ಲ."

"ಹೌದಲ್ವಾ," ಎಂದರು. ನಾನು ಟೈಪ್ ಮಾಡಿದೆ. ವೆಹ್ನರ್, ನಾಲ್ಕು ಜನ.

ಶನಿವಾರ, ೧೬ ಜನವರಿ ೧೯೯೩

ಯೇನಾಕ್ಕೆ ಹೋಗಿ ಬಂದೆ. ಎರಡು ಬಸ್ಸು, ಒಂದು ರೈಲು. ಡಿಸೆಂಬರಿನಲ್ಲಿ ಮೂರು ಸಲ ಪತ್ರ ಬರೆದು ಹರಿದಿದ್ದೆ. ಎದುರಿಗೆ ಕೂತು ಹೇಳುವುದೇ ಸುಲಭ ಅನ್ನಿಸಿತ್ತು. ಸುಲಭವಲ್ಲ.

ಡೊರೊಥೆಯಾ ಐದನೇ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ. ಕೋಟು ತೆಗೆಯುವ ಮೊದಲೇ ಹೇಳಿದೆ, ತೆಗೆದರೆ ಹೇಳುವುದಿಲ್ಲವೇನೋ ಎಂದು.

ಅವಳು ಕೂಗಾಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು ಒಂದೇ ಮಾತು ಕೇಳಿದಳು: "ಯಾಕೆ?"

ಇದಕ್ಕೆ ನಾನು ರೈಲಿನಲ್ಲಿ ಏನೇನೋ ಉತ್ತರ ಜೋಡಿಸಿಕೊಂಡಿದ್ದೆ. ಭಯವಿತ್ತು, ವಯಸ್ಸು ಇಪ್ಪತ್ತು, ಏನಾಗುತ್ತದೆಂದು ಗೊತ್ತಿರಲಿಲ್ಲ. ಅವಳ ಮುಖ ನೋಡಿದ ಮೇಲೆ ಅವು ಯಾವುವೂ ಬಾಯಿಗೆ ಬರಲಿಲ್ಲ.

"ಮಾರನೇ ದಿನ ಪೆಂಟೆಕೋಸ್ಟ್ ಹಬ್ಬ," ಎಂದೆ. "ಸಂಜೆ ಕುಣಿತ ಇತ್ತು. ನಾನು ಲಂಗ ಇಸ್ತ್ರಿ ಮಾಡ್ಬೇಕಿತ್ತು. ಪಟ್ಟಿ ಮುಗಿದ್ರೆ ಮನೆಗೆ ಹೋಗ್ಬಹುದಿತ್ತು."

"ಅಷ್ಟೇನಾ?"

"ಅಷ್ಟೇ."

"ನಮ್ಮ ಮೇಲೆ ದ್ವೇಷ ಏನಾದ್ರೂ…"

"ಇರ್ಲಿಲ್ಲ. ನಿಮ್ಮಪ್ಪ ಒಳ್ಳೇ ಮನುಷ್ಯ."

ಅವಳು ಕೂತಳು. ನನಗಲ್ಲ, ಮೇಜಿಗೆ ಹೇಳುವಂತೆ ಹೇಳಿದಳು. ಅವಳ ಸೋದರಮಾವ ಎಮಿಲ್ ಆಗ ಪಕ್ಕದೂರಿನಲ್ಲಿ ಆಳುತ್ತಿದ್ದ ಪಾರ್ಟಿಯ ಸದಸ್ಯನಾಗಿದ್ದ. ಆ ವಸಂತದಲ್ಲಿ ಒಂದು ಕುದುರೆಯ ವಿಷಯಕ್ಕೆ ಅವನಿಗೂ ಅವಳ ಅಪ್ಪನಿಗೂ ಜಗಳವಾಗಿತ್ತು. ಹೆಸರು ಕೊಟ್ಟವನು ಅವನೇ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದ.

"ಇಪ್ಪತ್ತೇಳು ವರ್ಷ ಮಾತಾಡ್ಸಲಿಲ್ಲ. ಅಮ್ಮನಿಗೂ ಬಿಡ್ಲಿಲ್ಲ, ಒಡಹುಟ್ಟಿದ ತಮ್ಮನ ಜೊತೆ. ಮಾವ ಪ್ರತಿ ಕ್ರಿಸ್‌ಮಸ್‌ಗೆ ಬರೀತಿದ್ರು, 'ನಾನಲ್ಲ' ಅಂತ. ಅಪ್ಪ ಒಲೆಗೆ ಹಾಕ್ತಿದ್ರು. ಅಪ್ಪನ ಮಣ್ಣಿಗೆ ಬಂದು ಮಾವ ಗೇಟಿನ ಹೊರಗೇ ನಿಂತಿದ್ರು. ಒಳಗೆ ಕರೀಲಿಲ್ಲ ನಾವು. ನಾನೂ ಕರೀಲಿಲ್ಲ."

ಎದ್ದು ಬಾಗಿಲು ತೆರೆದಳು. "ನಿಮ್ಮ ರೈಲು ನಾಲ್ಕು ಹತ್ತಕ್ಕೆ."

ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಸೇಬು ಕತ್ತರಿಸಿ ಒಂದು ಹೋಳು ನನ್ನ ಕಡೆಗೆ ಚಾಚಿದಳು. ತೆಗೆದುಕೊಂಡೆ. ತಿನ್ನಲಾಗಲಿಲ್ಲ.

ಗುರುವಾರ, ೧೧ ಫೆಬ್ರವರಿ

ಊರ ಸಭೆ. ಏಳು ಜನ ಸದಸ್ಯರು, ಗೋಡೆಗೆ ಅಂಟಿಸಿದ ನನ್ನ ಚಿತ್ರ. ಚಿತ್ರಕ್ಕೆ ಎಲ್ಲರೂ ಕೈಯೆತ್ತಿದರು. ಬಾವುಟಕ್ಕೆ ಹಸಿರು, ಬಿಳಿ, ಹಸಿರು ಪಟ್ಟಿ, ನಡುವೆ ಲಾಂಛನ. ಅದಕ್ಕೂ ಎತ್ತಿದರು. ಆಮೇಲೆ ಎಕಾರ್ಟ್ ನಾನು ಬರೆದ ವಿವರಣೆ ಓದಿದ: "೧೯೫೨ರ ಜೂನ್ ಐದರಂದು ಗಿರಣಿಯ ವೆಹ್ನರ್ ಕುಟುಂಬವನ್ನೂ ಮತ್ತೆರಡು ಕುಟುಂಬಗಳನ್ನೂ ಈ ಊರು ಹೊರಹಾಕಿತು. ಅವರ ನೆನಪಿಗೆ ಈ ಚಕ್ರ."

ಕೂನೊ ಅಣ್ಣನ ಮುಖ ಕೆಂಪಾಯಿತು. "ಊರು? ಊರು ಹೊರಹಾಕ್ತಾ? ಸರ್ಕಾರ ಹಾಕ್ತು! 'ಹೊರಹಾಕಲಾಯಿತು' ಅಂತ ಬರೀರಿ, ಸಾಕು."

ಬೇಕರಿಯ ಒಡತಿ, ಅವಳೂ ಸದಸ್ಯೆ, "ಹೌದಪ್ಪ, ಹಬ್ಬದ ದಿನ ಯಾರು ಇದನ್ನೆಲ್ಲ ಓದ್ತಾರೆ," ಎಂದಳು.

ನಾನು ಎದ್ದು ನಿಂತೆ. ಸದಸ್ಯೆಯಲ್ಲ, ಮಾತಾಡುವ ಹಕ್ಕಿಲ್ಲ, ಆದರೂ ಎಕಾರ್ಟ್ ತಡೆಯಲಿಲ್ಲ.

"ಆ ಪಟ್ಟಿ ಟೈಪ್ ಮಾಡಿದ್ದು ನಾನು. ಮೂರನೇ ಹೆಸರು ಕೊಟ್ಟಿದ್ದೂ ನಾನೇ. ನನ್ನನ್ನ ಯಾರೂ ಬಲವಂತ ಮಾಡ್ಲಿಲ್ಲ. ಹಾಗಾಗಿ 'ಹೊರಹಾಕಲಾಯಿತು' ಅಂತ ಬರೆಯೋಕೆ ನನ್ನಿಂದ ಆಗಲ್ಲ."



"ಸಾಮಾನು ಹೊತ್ತವ್ರ ಹೆಸರೂ ಬರೆಸ್ತೀಯಾ, ಹಾಗಾದ್ರೆ?" ಅಣ್ಣ ಕುರ್ಚಿ ಹಿಂದೆ ತಳ್ಳಿ ಎದ್ದ.

"ಹೆಸರು ಬರೆಯೋದಾದ್ರೆ ಮೊದಲು ನಂದು."

ಅವನು ಟೋಪಿ ತೆಗೆದುಕೊಂಡು ಹೊರಟುಹೋದ. ಉಳಿದ ಆರು ಜನರಲ್ಲಿ ನಾಲ್ವರು ಕೈಯೆತ್ತಿದರು.

ಮಂಗಳವಾರ, ೨೩ ಮಾರ್ಚ್

ದಫ್ತರದಿಂದ ಒಪ್ಪಿಗೆ ಬಂತು, ವಿವರಣೆ ಸಮೇತ, ಒಂದಕ್ಷರ ಬದಲಿಸದೆ.

ಬೇಕರಿಯವಳು ಬ್ರೆಡ್ ಕೊಡುವಾಗ ಮುಖ ನೋಡುವುದಿಲ್ಲ. ಇಬ್ಬರು ಹೆಂಗಸರು ರಸ್ತೆ ದಾಟಿಕೊಂಡರು. ಅಣ್ಣ ಆರು ಶುಕ್ರವಾರದಿಂದ ಊಟಕ್ಕೆ ಬಂದಿಲ್ಲ.

ನಿದ್ದೆ ಚೆನ್ನಾಗಿ ಬರುತ್ತಿದೆ. ಯಾಕೋ ಗೊತ್ತಿಲ್ಲ.

ಬುಧವಾರ, ೧೨ ಮೇ

ಡೊರೊಥೆಯಾಳ ಪತ್ರ, ಐದೇ ಸಾಲು. ಎಮಿಲ್ ಮಾವನಿಗೆ ಎಂಬತ್ತೇಳು, ಸಾಲ್‌ಫೆಲ್ಡಿನ ವೃದ್ಧಾಶ್ರಮದಲ್ಲಿದ್ದಾನೆ, ಹೃದಯ ಸೋತಿದೆ. ಅವಳು ಹೋಗಿ ವಿಷಯ ಹೇಳಿದಳಂತೆ. ನಂಬುತ್ತಿಲ್ಲ. "ನನ್ನ ಸಮಾಧಾನಕ್ಕೆ ಕಥೆ ಕಟ್ಟಿದ್ದೀಯ" ಎಂದು ಅವಳಿಗೇ ಹೇಳುತ್ತಾನಂತೆ. "ನಿಮ್ಮ ಬಾಯಿಂದಲೇ ಕೇಳಬೇಕು. ನನಗೆ ರಜೆ ಇರುವುದು ಪೆಂಟೆಕೋಸ್ಟ್ ಸೋಮವಾರ."

ಅವತ್ತೇ ಹನ್ನೊಂದು ಗಂಟೆಗೆ ಬಾವುಟ ಏರಿಸುವುದು. ಬ್ಯಾಂಡಿನವರಿಗೂ ಪಾದ್ರಿಗೂ ಹೇಳಿಯಾಗಿದೆ.

ಎಕಾರ್ಟ್ ತಲೆ ಮೇಲೆ ಕೈಹೊತ್ತ. "ಬಾವುಟ ಮಾಡಿದ್ದೇ ನೀವು! ಹಗ್ಗ ನಿಮ್ಮ ಕೈಲೇ ಎಳೆಸ್ಬೇಕು ಅಂತಿದ್ದೆ. ಮಾರನೇ ವಾರ ಹೋದ್ರಾಗಲ್ವಾ, ಗೆರ್ಲಿಂಡತ್ತೆ?"

"ಅವ್ರಿಗೆ ಎಂಬತ್ತೇಳು, ಎಕಾರ್ಟ್. ಹಗ್ಗ ನೀನೇ ಎಳಿ."

ಬರುವಾಗ ಕಚೇರಿಯ ಮುಂದೆ ಅಣ್ಣ ಬಾವುಟದ ಕಂಬಕ್ಕೆ ಗುಂಡಿ ತೋಡುತ್ತಿದ್ದ. ಯಾರು ಹೇಳಿದರೋ, ತಾನೇ ಬಂದನೋ. ತಲೆಯೆತ್ತಲಿಲ್ಲ. ನಾನೂ ನಿಲ್ಲಲಿಲ್ಲ.

ಸೋಮವಾರ, ೩೧ ಮೇ

ಬೆಳಿಗ್ಗೆ ಏಳರ ಬಸ್ಸಿಗೆ ಹೊರಟಾಗ ಬೆಂಚುಗಳನ್ನು ಜೋಡಿಸುತ್ತಿದ್ದರು. ಕಂಬ ಖಾಲಿಯಿತ್ತು.

ನಾನೂ ಡೊರೊಥೆಯಾಳೂ ವೃದ್ಧಾಶ್ರಮ ತಲುಪಿದ್ದು ಊಟದ ಹೊತ್ತಿಗೆ. ಊಟದ ದೊಡ್ಡ ಕೋಣೆಯಲ್ಲಿ ಮೂವತ್ತು ನಲವತ್ತು ಮುದುಕ ಮುದುಕಿಯರು, ತಟ್ಟೆಗಳಲ್ಲಿ ಆಲೂಗಡ್ಡೆಯ ಕಡುಬು, ಮಾಂಸದ ಸಾರು. ಎಮಿಲ್ ಕಿಟಕಿಯ ಪಕ್ಕದ ಮೇಜಿನಲ್ಲಿದ್ದ. ಮೈ ಒಣಗಿದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನ ತನಕ ಗುಂಡಿ. ರೂಮಿಗೆ ಹೋಗೋಣವೆಂದು ಡೊರೊಥೆಯಾ ಎಷ್ಟು ಹೇಳಿದರೂ ಏಳಲಿಲ್ಲ.

ನಾನು ಎದುರಿಗೆ ಕೂತು ಹೇಳಿದೆ. ಅವನು ಕಿವಿಗೆ ಅಂಗೈ ಹಿಡಿದ.

"ಜೋರಾಗಿ ಹೇಳಮ್ಮ. ಕೇಳ್ಸಲ್ಲ."

ಮತ್ತೆ ಹೇಳಿದೆ.

"ಇನ್ನೂ ಜೋರಾಗಿ!"

ಆಗ ಕೂಗಿ ಹೇಳಿದೆ. "ವೆಹ್ನರ್ ಮನೆಯವ್ರ ಹೆಸರು ಕೊಟ್ಟಿದ್ದು ನಾನು! ನಾನೇ ಟೈಪ್ ಮಾಡ್ದೆ! ಅದ್ರಲ್ಲಿ ನಿಮ್ಮ ಕೈವಾಡ ಇಲ್ಲ!"

 ಎಲ್ಲರೂ ನನ್ನ ಕಡೆ ತಿರುಗಿದ್ದರು. ಎಮಿಲ್ ನನ್ನನ್ನು ನೋಡಲಿಲ್ಲ. ಡೊರೊಥೆಯಾಳ ಕಡೆ ತಿರುಗಿ, ನಲವತ್ತೊಂದು ವರ್ಷ ಹಿಡಿದಿಟ್ಟ ಉಸಿರನ್ನು ಬಿಡುವವನಂತೆ ಹೇಳಿದ:

"ನಾನಲ್ಲ ಅಂತ ಹೇಳಿದ್ದೆ."

"ಹೇಳಿದ್ರಿ ಮಾವ."

"ಪ್ರತಿ ವರ್ಷ ಬರ್ದೆ."

"ಬರ್ದ್ರಿ."

ಅವಳು ಅವನ ಕೈ ಹಿಡಿದು ಅತ್ತಳು. ನಾನು ಅಳಲಿಲ್ಲ. ಅಲ್ಲಿ ಅಳುವುದು ನನ್ನ ಪಾಲಿನದಲ್ಲ.

ಆಮೇಲೆ ಅವನಿಗೆ ಅದು ಕಾಗದದಲ್ಲಿ ಬೇಕೆನ್ನಿಸಿತು. ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ. ಒಂದೊಂದೇ ಪದ ಬೆರಳಿಟ್ಟು ಓದಿದ. "ಹೆಸರಿದೆ, ತಾರೀಕಿಲ್ಲ," ಎಂದ. ತಾರೀಕು ಹಾಕಿದೆ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಗುಂಡಿ ಹಾಕಿದ. ನನಗೆ ಹೋಗೆಂದೂ ಹೇಳಲಿಲ್ಲ, ಕೂರೆಂದೂ ಹೇಳಲಿಲ್ಲ.

ಡೊರೊಥೆಯಾ ಬಸ್ಸಿನ ತನಕ ಬಂದಳು. "ಭಾನುವಾರ ಅಪ್ಪನ ಸಮಾಧಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಅದನ್ನ ಓದ್ಬೇಕಂತೆ ಮಾವನಿಗೆ. ಗೇಟಿನ ಒಳಗೆ ನಿಂತು."

"ಒಳ್ಳೇದು," ಎಂದೆ. ನನ್ನನ್ನು ಕರೆಯಲಿಲ್ಲ. ಕರೆಯಬೇಕಾದದ್ದೂ ಇಲ್ಲ.

ಊರಿಗೆ ಬಂದಾಗ ಆರು ಗಂಟೆ. ಎಲ್ಲ ಮುಗಿದಿತ್ತು. ಕಚೇರಿಯ ಮುಂದೆ ಅಣ್ಣ ಒಬ್ಬನೇ ಬೆಂಚುಗಳನ್ನು ಮಡಚುತ್ತಿದ್ದ. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿದ. ಫೆಬ್ರವರಿಯಿಂದ ಮಾತಾಡದವನು ಕೇಳಿದ:

"ಹೇಳಿದ್ಯಾ ಅವ್ನಿಗೆ?"

"ಹೇಳ್ದೆ."

ಅವನು ನೆಲ ನೋಡಿದ.  ಕೊನೆಗೆ ಬೆಂಚಿನತ್ತ ತಲೆಯಾಡಿಸಿದ.

"ಆ ಕೊನೆ ಹಿಡ್ಕೋ."

ಹಿಡಿದೆ. ಒಟ್ಟು ಹನ್ನೊಂದು ಬೆಂಚು, ಅಗ್ನಿಶಾಮಕದವರ ಶೆಡ್ಡಿನ ತನಕ ಇಬ್ಬರೂ ಹೊತ್ತೆವು. ಬಾವುಟದ ಕೆಳಗೇ ಅಷ್ಟು ಸಲ ಓಡಾಡಿದರೂ ಕೈ ಖಾಲಿಯಿಲ್ಲದೆ ಸರಿಯಾಗಿ ತಲೆಯೆತ್ತಿ ನೋಡಲಾಗಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ನೋಡಬೇಕು.